ಕಾರ್ವೆಟ್ ಮೇಲೋ, ಪೋರ್ಷೆ ಮೇಲೋ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಹಳೆಯ ಕಾರ್ವೆಟ್ ಸಿ5 (ಶೆವರ್ಲೆಯ ಸ್ಪೋರ್ಟ್ಸ್ ಕಾರು, ಐದನೆಯ ತಲೆಮಾರಿನದು) ಇಟ್ಟುಕೊಂಡಿದ್ದಾನೆ. ಪೋರ್ಷೆ 911 ಇರುವ ಅವನ ಗೆಳೆಯರು ‘ನಿನ್ನದು ಲಾರಿ ಎಂಜಿನ್ನು, ಲಾರಿ ಸ್ಪ್ರಿಂಗು, 5.7 ಲೀಟರಿಗೆ ಬರೀ 345 ಅಶ್ವಶಕ್ತಿ’ ಎಂದು ಛೇಡಿಸುತ್ತಾರಂತೆ. ಅದರಲ್ಲಿ ಹುರುಳಿದೆಯೇ? – ಶಿವಮೊಗ್ಗದ ಓದುಗರು

ಉತ್ತರ: ಅರ್ಧ ಇದೆ. ಅದೇ ಕಾಲದ 911, ಅಂದರೆ 996 ಮಾದರಿ, 3.4 ಲೀಟರಿನಲ್ಲಿ 300 ಅಶ್ವಶಕ್ತಿ ಕೊಡುತ್ತಿತ್ತು. ಲೀಟರಿಗೆ 88, ಕಾರ್ವೆಟ್‌ಗೆ 60. ಆದರೆ ಕಾರು ಹೊರಬೇಕಾದದ್ದು ಎಂಜಿನ್ನಿನ ತೂಕ, ಗಾತ್ರ. ಕಾರ್ವೆಟ್‌ನ ಎಲ್‌ಎಸ್1 ಅಲ್ಯೂಮಿನಿಯಂ ವಿ8. ಅದಕ್ಕೆ ಒಂದೇ ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಸುವ ದಂಡ), ಅದೂ ವಿ ಆಕಾರದ ನಡುವೆ ತಗ್ಗಿನಲ್ಲಿದೆ. ಪುಶ್‌ರಾಡ್ ಎಂಬ ಸರಳುಗಳು, ರಾಕರ್ ಎಂಬ ಸನ್ನೆಗಳ ಮೂಲಕ, ಮೇಲಿನ ವಾಲ್ವುಗಳನ್ನು ತಳ್ಳುತ್ತವೆ. ಸಿಲಿಂಡರ್ ಹೆಡ್ಡಿನ ಮೇಲೆ ಕ್ಯಾಮ್‌ಗಳ ರಾಶಿ ಇಲ್ಲದ್ದರಿಂದ ಎಂಜಿನ್ ಕುಳ್ಳಗಿದೆ, ಬಾನೆಟ್ಟೂ ತಗ್ಗು. ಟಾರ್ಕ್ (ತಿರುಗಿಸುವ ಬಲ) 475 ನ್ಯೂಟನ್ ಮೀಟರ್, ಪೋರ್ಷೆಯದು 350. ಕೊರತೆ ಇರುವುದು ಎಂಜಿನ್ ಜೋರಾಗಿ ತಿರುಗುವಾಗ: ಉದ್ದದ ಪುಶ್‌ರಾಡು, ರಾಕರುಗಳ ಭಾರದಿಂದ ಸುಮಾರು 6,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟಿದರೆ ವಾಲ್ವು ಕ್ಯಾಮಿನ ಜೊತೆ ಹೆಜ್ಜೆ ಹಾಕಲಾರದು. ಪೋರ್ಷೆ 7,000 ದಾಟಿ ಹೋಗುತ್ತದೆ. ಯೂರೋಪು, ಜಪಾನುಗಳ ಹಲವೆಡೆ ವಾಹನ ತೆರಿಗೆಯನ್ನು ಎಂಜಿನ್ ಗಾತ್ರ ನೋಡಿ ಹಾಕುತ್ತಾರೆ. ‘ಲೀಟರಿಗೆ ಎಷ್ಟು’ ಎಂಬ ಹೆಮ್ಮೆಗೆ ಅದೂ ಒಂದು ಮೂಲ.

ಸ್ಪ್ರಿಂಗಿನ ಮಾತು ಮಾತ್ರ ಪೂರಾ ತಪ್ಪು. ಲಾರಿಯಲ್ಲಿ ಉಕ್ಕಿನ ಪಟ್ಟಿಗಳು ಉದ್ದುದ್ದಕ್ಕೆ ಕೂತು, ಭಾರ ಹೊರುವುದರ ಜೊತೆಗೆ ಆಕ್ಸಲನ್ನೂ ಹಿಡಿದಿಡುತ್ತವೆ. ಸಿ5ರದು ಅಡ್ಡಡ್ಡ ಹಾಕಿದ ಫೈಬರ್‌ಗ್ಲಾಸ್ ಪಟ್ಟಿ. ಚಕ್ರವನ್ನು ಹಿಡಿಯುವ ಕೆಲಸ ಕಂಟ್ರೋಲ್ ಆರ್ಮುಗಳದ್ದು, ಪಟ್ಟಿ ಭಾರವನ್ನಷ್ಟೇ ಹೊರುತ್ತದೆ. ಉಕ್ಕಿಗಿಂತ ಬಹಳ ಹಗುರ, ತುಕ್ಕು ಹಿಡಿಯುವುದಿಲ್ಲ. ಎಂಟನೆಯ ತಲೆಮಾರಿನ ಸಿ8ರಲ್ಲಿ ಎಂಜಿನ್ ಸೀಟಿನ ಹಿಂದಕ್ಕೆ ಹೋಯಿತು, ಕಾಯಿಲ್ ಸ್ಪ್ರಿಂಗ್ ಬಂತು. ಛೇಡಿಸುವವರು ಬೇರೆ ವಿಷಯ ಹುಡುಕಿಕೊಳ್ಳಬೇಕಾಯಿತು.

ಪ್ರಶ್ನೆ: ಒಬ್ಬರು ‘ಪೋರ್ಷೆ ಎಂಜಿನ್ ಸಿಡಿಯುತ್ತದೆ’ ಅಂದರೆ, ಇನ್ನೊಬ್ಬರು ‘ಕಾರ್ವೆಟ್ ವಾಲ್ವು ನುಂಗುತ್ತದೆ’ ಅನ್ನುತ್ತಾರೆ. ಯಾರನ್ನು ನಂಬುವುದು? – ಡಲ್ಲಾಸ್‌ನಲ್ಲಿರುವ ಕನ್ನಡಿಗ ಓದುಗರು

ಉತ್ತರ: ಇಬ್ಬರನ್ನೂ, ಆದರೆ ಮಾದರಿ, ವರ್ಷ ಕೇಳಿಕೊಂಡು.

ಪೋರ್ಷೆಯ ದೂರು 996 ಮತ್ತು 997ರ ಮೊದಲ ಸರಣಿಯದ್ದು. ಅವುಗಳಲ್ಲಿ ಕ್ರ್ಯಾಂಕಿನ ತಿರುಗುವಿಕೆಯನ್ನು ಕ್ಯಾಮ್‌ಗಳಿಗೆ ದಾಟಿಸುವ ಇಂಟರ್‌ಮೀಡಿಯೆಟ್ ಶಾಫ್ಟಿನ ಒಂದು ತುದಿಗೆ ಸೀಲ್ ಮಾಡಿದ ಬಾಲ್ ಬೇರಿಂಗ್ ಇದೆ. ಸೀಲು ಸವೆದರೆ ಎಂಜಿನ್ ಆಯಿಲ್ ಒಳಗಿನ ಗ್ರೀಸನ್ನು ತೊಳೆದುಹಾಕುತ್ತದೆ, ಆದರೆ ಸಾಕಷ್ಟು ಆಯಿಲ್ ಹರಿಯುವುದೂ ಇಲ್ಲ. ಬೇರಿಂಗ್ ಪುಡಿಯಾದರೆ ಟೈಮಿಂಗ್ ತಪ್ಪಿ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಮೊದಲಿನ ಎರಡು ಸಾಲಿನ ಬೇರಿಂಗಿಗಿಂತ ಆಮೇಲೆ ಬಂದ ಒಂದು ಸಾಲಿನದ್ದೇ ಹೆಚ್ಚು ಕೆಡುವುದು. ಬದಲಿಸಲು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಇಳಿಸಬೇಕು. ಹಾಗಾಗಿ ಕ್ಲಚ್ ಹಾಕಿಸುವಾಗಲೇ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಎರಡನ್ನೂ ಮಾಡಿಸಿ. 2006ರಿಂದ 2008ರವರೆಗಿನ ದೊಡ್ಡ ಬೇರಿಂಗ್ ಗಟ್ಟಿ, ಆದರೆ ಕ್ರ್ಯಾಂಕ್‌ಕೇಸ್ ಬಿಚ್ಚದೆ ಹೊರಬರುವುದಿಲ್ಲ. ಅದೇ ಕಾಲದ ಟರ್ಬೊ, ಜಿಟಿ3 ಕಾರುಗಳ ಎಂಜಿನ್ನೇ ಬೇರೆ, ಈ ರೋಗ ಅವಕ್ಕಿಲ್ಲ. ಪ್ರತಿ ಆಯಿಲ್ ಬದಲಿಯಲ್ಲೂ ಹಳೆಯ ಫಿಲ್ಟರ್ ಕಾಗದ ಬಿಡಿಸಿ ನೋಡಿ. ಹೊಳೆಯುವ ಲೋಹದ ಚೂರು ಕಂಡರೆ ಕಾರು ಸ್ಟಾರ್ಟ್ ಮಾಡಬೇಡಿ.

ಕಾರ್ವೆಟ್‌ನ ದೂರು 2006–2013ರ ಝಡ್06 ಮಾದರಿಯದು, ಅದರ 7 ಲೀಟರಿನ ಎಲ್‌ಎಸ್7 ಎಂಜಿನ್ನಿನದು. ಎಕ್ಸಾಸ್ಟ್ ವಾಲ್ವಿನ ಗೈಡ್ (ವಾಲ್ವು ಜಾರುವ ಕೊಳವೆ) ಸವೆದು ಸಡಿಲವಾಗುತ್ತದೆ, ವಾಲ್ವಿನ ಕಾಂಡ ಅತ್ತಿತ್ತ ಬಾಗಿ ಕೊನೆಗೆ ತಲೆ ಕಳಚಿ ಸಿಲಿಂಡರಿಗೆ ಬೀಳುತ್ತದೆ. ಮೊದಲೇ ಸದ್ದು ಬರಬೇಕೆಂದಿಲ್ಲ. ಡಯಲ್ ಗೇಜಿನಿಂದ ಪ್ರತಿ ವಾಲ್ವಿನ ಅಲುಗಾಟ ಅಳೆಯಿಸಿದ ಚೀಟಿ ಇಲ್ಲದ ಕಾರನ್ನು ನಾವಂತೂ ಕೊಳ್ಳಿ ಎನ್ನುವುದಿಲ್ಲ.

ಪ್ರಶ್ನೆ: 1971ರ ಕಾರ್ವೆಟ್‌ಗೆ 270, 1972ರದಕ್ಕೆ 200 ಅಶ್ವಶಕ್ತಿ. ಒಂದೇ ವರ್ಷದಲ್ಲಿ ಇಷ್ಟು ಇಳಿಯಿತೇ? – ಧಾರವಾಡದ ಓದುಗರು

ಉತ್ತರ: ಇಲ್ಲ, ಅಳೆಯುವ ಕ್ರಮ ಬದಲಾಯಿತು. ಮೊದಲಿನದು ಬರಿ ಎಂಜಿನ್ನಿನ ಲೆಕ್ಕ. ಆಮೇಲಿನದು ಏರ್ ಕ್ಲೀನರ್, ಸೈಲೆನ್ಸರ್, ಆಲ್ಟರ್ನೇಟರ್ ಎಲ್ಲ ಹಾಕಿ ತೆಗೆದದ್ದು.

ಪ್ರಶ್ನೆ: ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನ ಒಂದು ಸುತ್ತಿನ ಸಮಯ ತೋರಿಸಿದರೆ ವಾದ ಮುಗಿಯುವುದಿಲ್ಲವೇ? – ಮಂಗಳೂರಿನ ಓದುಗರು

ಉತ್ತರ: ಅಲ್ಲಿಂದಲೇ ಶುರುವಾಗುತ್ತದೆ. 2008ರಲ್ಲಿ ನಿಸಾನ್ ತನ್ನ ಜಿಟಿ-ಆರ್‌ಗೆ 7 ನಿಮಿಷ 29 ಸೆಕೆಂಡ್ ಎಂದಿತು. ಪೋರ್ಷೆ ತಾನೇ ಒಂದು ಜಿಟಿ-ಆರ್ ಕೊಂಡು ಓಡಿಸಿ, ಬಂದದ್ದು 7 ನಿಮಿಷ 54 ಎಂದು ಟೈರಿನ ಮೇಲೆ ಅನುಮಾನಪಟ್ಟಿತು, ನಿಸಾನ್ ಒಪ್ಪಲಿಲ್ಲ. ಆಮೇಲೆ ಅಳತೆಯ ತಕರಾರೂ ಸೇರಿತು. ಹಳೆಯ ಸಮಯಗಳು 20.6 ಕಿ.ಮೀ.ಗೆ, 2019ರಿಂದ ಅಧಿಕೃತ ಸಮಯ 20.832 ಕಿ.ಮೀ.ಗೆ. 2021ರಲ್ಲಿ ಮಾಂಟೈ ಎಂಬ ಕಂಪನಿಯ ಟ್ರ್ಯಾಕ್ ಕಿಟ್ ಹಾಕಿದ 911 ಜಿಟಿ2 ಆರ್‌ಎಸ್‌ಗೆ ಮೊದಲ ಲೆಕ್ಕದಲ್ಲಿ 6 ನಿಮಿಷ 38.8, ಎರಡನೆಯದರಲ್ಲಿ 6 ನಿಮಿಷ 43.3. ದೂರ, ಟೈರು, ವರ್ಷ ಬರೆಯದ ಸಮಯಕ್ಕೆ ಬೆಲೆ ಕೊಡಬೇಡಿ.

ಪ್ರಶ್ನೆ: ನಮ್ಮಿಬ್ಬರ ಕಾರಿನಲ್ಲಿ ಯಾವುದು ಚುರುಕು ಎಂದು ನೈಸ್ ರಸ್ತೆಯಲ್ಲಿ ನೋಡೋಣವೇ? – ಬೆಂಗಳೂರಿನ ಓದುಗರು

ಉತ್ತರ: ಬೇಡವೇ ಬೇಡ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗಿ. ಒಂದು ಸುತ್ತು 3.7 ಕಿ.ಮೀ. ಹೋಗುವ ಮುಂಚೆ ಹೊಸ ಬ್ರೇಕ್ ಆಯಿಲ್ ಹಾಕಿಸಿ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು. ನೀರು ಹೀರಿಕೊಂಡದ್ದು 155ರಲ್ಲೇ ಕುದಿಯಬಹುದು, ಆಗ ಪೆಡಲ್ ನೆಲಕ್ಕೆ ಹೋಗುತ್ತದೆ. ಟೈರ್ 10 ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ, ಆದ್ದರಿಂದ ಎರಡೂ ಕಾರಿನಲ್ಲಿ ಬಿಸಿಯಿದ್ದಾಗಿನ ಒತ್ತಡ ನೋಡಿ ಹೊಂದಿಸಿ. ಇಬ್ಬರೂ ಎರಡೂ ಕಾರು ಓಡಿಸಿ, ಇಲ್ಲದಿದ್ದರೆ ಅಳೆದದ್ದು ಚಾಲಕನನ್ನು. 0–100 ನೋಡುವುದಾದರೆ ಜಿಪಿಎಸ್ ಲಾಗರಿನಲ್ಲಿ ‘ಒಂದು ಅಡಿ ರೋಲ್‌ಔಟ್’ ಆಫ್ ಮಾಡಿ: ಮೊದಲ 30 ಸೆಂ.ಮೀ. ಬಿಟ್ಟು ಎಣಿಸಿದರೆ 0.2–0.3 ಸೆಕೆಂಡ್ ಪುಕ್ಕಟೆ. ಮುಗಿಸಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡಿಸ್ಕಿಗೆ ಪ್ಯಾಡ್ ಅಂಟುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಗಟ್ಟಿ.