ಚಿಣ್ಣರ ನೆಗಡಿ, ಟೀಚರ್ ಕೆಮ್ಮು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಂಗನವಾಡಿ ಸೇರಿದಾಗಿನಿಂದ ತಿಂಗಳಿಗೊಮ್ಮೆ ನೆಗಡಿ ತಪ್ಪಿಲ್ಲ. ಸ್ಯಾನಿಟೈಸರ್ ಹಾಕಿಕೊಳ್ಳುತ್ತಲೇ ಇರುತ್ತೇನೆ. ಈಚೆಗೆ ಮಗುವೊಂದು ವಾಂತಿ ಮಾಡಿಕೊಂಡಿತು, ಎರಡೇ ದಿನಕ್ಕೆ ನನಗೂ ಸಹಾಯಕಿಗೂ ವಾಂತಿಭೇದಿ. ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ.
— ಕಾರ್ಯಕರ್ತೆ, ಗುಡಿಬಂಡೆ ತಾಲ್ಲೂಕು

ಉತ್ತರ: ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಮಾಮೂಲು. ಅಂಥ ಇಪ್ಪತ್ತು ಮಕ್ಕಳ ನಡುವೆ ಕೂತವರಿಗೆ ಮೊದಲ ವರ್ಷ ಕಷ್ಟವೇ. ಇದು ವೈರಸ್ಸಿನ ಕಾಟ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ.

ಸ್ಯಾನಿಟೈಸರನ್ನು ನಮ್ಮವರು ಅತಿಯಾಗಿ ನಂಬುತ್ತಾರೆ. ವಾಂತಿಭೇದಿ ಹರಡುವ ನೊರೊವೈರಸ್‌ಗೆ ಅದು ಸರಿಯಾಗಿ ನಾಟುವುದಿಲ್ಲ, ಸಿಂಬಳ, ಮಣ್ಣು ಮೆತ್ತಿದ ಕೈ ಮೇಲಂತೂ ಪ್ರಯೋಜನ ಕಡಿಮೆ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ, ಹರಿಯುವ ನೀರಲ್ಲಿ ತೊಳೆಯಬೇಕು. ಮೂಗು ಒರೆಸಿದ ಮೇಲೆ, ಮಗುವಿನ ಕುಂಡಿ ತೊಳೆದ ಮೇಲೆ, ಅಡುಗೆಗೂ ಊಟಕ್ಕೂ ಮುಂಚೆ. ದಿನಕ್ಕೆ ಹತ್ತು ಸಲ ತೊಳೆದೂ ಈ ಹೊತ್ತುಗಳನ್ನೇ ಬಿಟ್ಟರೆ ವ್ಯರ್ಥ. ಸೆರಗಿನಲ್ಲಿ ಮಗುವಿನ ಮೂಗು ಒರೆಸಿ, ಅದೇ ಸೆರಗಿಗೆ ತೊಳೆದ ಕೈ ಒರೆಸಿಕೊಳ್ಳುವವರು ಬಹಳ. ಹಳೆ ಹತ್ತಿ ಬಟ್ಟೆಯ ತುಂಡುಗಳನ್ನು ಬೇರೆ ಇಟ್ಟುಕೊಳ್ಳಿ.

ನೀರು ಕಡಿಮೆಯಿದ್ದರೆ ತಳದಲ್ಲಿ ನಲ್ಲಿ ಕೂರಿಸಿದ ಡ್ರಮ್ ಇಡಿ. ಒಂದು ಸಲಕ್ಕೆ ಅರ್ಧ ಲೀಟರ್ ಸಾಕು. ಎಲ್ಲರೂ ಒಂದೇ ಬಕೆಟ್ಟಿಗೆ ಕೈ ಅದ್ದಿದರೆ ರೋಗ ಹಂಚಿಕೊಂಡಂತೆ. ಸೋಪಿನ ಬಿಲ್ಲೆ ನಿಲ್ಲದಿದ್ದರೆ ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಲ್ಲಿಡಿ.

ವಾಂತಿಯಾದಾಗ ಮಕ್ಕಳನ್ನು ಹೊರಗೆ ಕೂರಿಸಿ ಕಿಟಕಿ ತೆಗೆಯಿರಿ. ಪೊರಕೆ ಹಾಕಬೇಡಿ, ಹನಿ ಸಿಡಿಯುತ್ತದೆ. ಕೈಗೆ ಗ್ಲೌಸ್, ಇಲ್ಲವೇ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಪೇಪರ್ ಹೊದಿಸಿ, ಅಂಚಿನಿಂದ ನಡುವಿಗೆ ಬಾಚಿ ತೆಗೆಯಿರಿ. ಆಮೇಲೆ ಬ್ಲೀಚಿಂಗ್ ಪೌಡರ್: ಶೇ. 33 ಕ್ಲೋರಿನ್ ಇರುವುದಾದರೆ ಲೀಟರಿಗೆ 15 ಗ್ರಾಂ. ಅಂದಾಜು ಬೇಡ, ತೂಕ ಮಾಡಿಸಿ. ಹತ್ತು ನಿಮಿಷ ನೆನೆಯಲು ಬಿಟ್ಟು ತೊಳೆಯಿರಿ. ಕಲಸಿದ್ದನ್ನು ಮರುದಿನಕ್ಕೆ ಇಡಬೇಡಿ. ಘಾಟು ಹೋದ ಹಳೆ ಪುಡಿಯಲ್ಲಿ ಸತ್ವ ಇರುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಸೇರಿಸಿದರೆ ವಿಷಗಾಳಿ ಏಳುತ್ತದೆ, ಎಚ್ಚರ.

ಸಹಾಯಕಿ ಅಡುಗೆಯನ್ನೂ ಮಾಡುವುದರಿಂದ, ವಾಂತಿಭೇದಿ ನಿಂತ ಮೇಲೂ 48 ಗಂಟೆ ಒಲೆಯ ಹತ್ತಿರ ಬರಬಾರದು. ಬದಲಿ ಇಲ್ಲ ಎಂಬ ಕಷ್ಟ ಗೊತ್ತು, ಆದರೆ ಇದರಲ್ಲಿ ರಿಯಾಯಿತಿ ಇಲ್ಲ.

ಪ್ರಶ್ನೆ: ನಾನು ನಾಲ್ಕು ತಿಂಗಳ ಗರ್ಭಿಣಿ, ಎಲ್‌ಕೆಜಿ ಟೀಚರ್. ತರಗತಿಯ ಮಗುವಿಗೆ ‘ಅಮ್ಮ’ ಆಗಿದೆ. ನನಗೆ ಚಿಕ್ಕಂದಿನಲ್ಲಿ ಆಗಿತ್ತೋ ಇಲ್ಲವೋ ಗೊತ್ತಿಲ್ಲ.
— ಶಿರಾ

ಉತ್ತರ: ಇವತ್ತೇ ನಿಮ್ಮ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಚಿಕನ್ ಪಾಕ್ಸ್ ಹರಡುತ್ತದೆ, ಹಾಗಾಗಿ ಮಗು ಮನೆಗೆ ಹೋದ ಮೇಲೆ ದೂರ ಕೂತು ಲಾಭವಿಲ್ಲ. ನಿಮ್ಮಲ್ಲಿ ಪ್ರತಿರೋಧ ಇದೆಯೇ ಎಂದು ಐಜಿಜಿ ರಕ್ತಪರೀಕ್ಷೆ ಹೇಳುತ್ತದೆ. ಶಿರಾದಲ್ಲಿ ಆಗದಿದ್ದರೆ ತುಮಕೂರಿನಲ್ಲಿ ವಿಚಾರಿಸಿ. ಬಹಳಷ್ಟು ಜನರಿಗೆ ಗೊತ್ತಿಲ್ಲದೆಯೇ ಬಂದು ಹೋಗಿರುತ್ತದೆ. ಇಲ್ಲವೆಂದಾದರೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ) ಇಂಜೆಕ್ಷನ್ ಬೇಕೇ ಎಂದು ಡಾಕ್ಟರ್ ನಿರ್ಧರಿಸುತ್ತಾರೆ. ಅದು ಮಗುವಿನ ಸಂಪರ್ಕವಾದ ಹತ್ತು ದಿನದೊಳಗೆ ಆಗಬೇಕು, ಬೇಗ ಆದಷ್ಟೂ ಒಳ್ಳೆಯದು. ರೋಗ ಕಾಣಿಸಿಕೊಳ್ಳಲು 10ರಿಂದ 21 ದಿನ ಬೇಕು. ಗರ್ಭಿಣಿಯರಲ್ಲಿ ಇದು ನ್ಯುಮೋನಿಯಾಕ್ಕೆ ತಿರುಗಬಹುದು. ಒಂದೇ ಒಂದು ಗುಳ್ಳೆ ಕಂಡರೂ, ಉಸಿರು ಕಟ್ಟಿದರೂ ತಡಮಾಡಬೇಡಿ.

ಇದರ ಲಸಿಕೆ ಗರ್ಭಿಣಿಯರಿಗೆ ಕೊಡುವಂತಿಲ್ಲ, ಹೆರಿಗೆಯ ನಂತರ ಎರಡು ಡೋಸ್ ಹಾಕಿಸಿಕೊಳ್ಳಿ. ಮನೆಯವರು ಬೇವಿನೆಲೆ ಕಟ್ಟಲಿ, ತಕರಾರಿಲ್ಲ, ಆದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗುವನ್ನು ಶಾಲೆಗೆ ಸೇರಿಸಬಾರದು.

ಪ್ರಶ್ನೆ: ಮಕ್ಕಳ ತಲೆಯ ಹೇನು ನನಗೂ ಹತ್ತಿದೆ.
— ಬಂಗಾರಪೇಟೆ

ಉತ್ತರ: ಶೇ. 1ರ ಪರ್ಮೆಥ್ರಿನ್ ಲೋಷನ್. ತಲೆ ತೊಳೆದು, ಟವೆಲಿನಲ್ಲಿ ಒತ್ತಿ ಒರೆಸಿ, ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಸೀರು ಪೂರ್ತಿ ಸಾಯದು, ಅದಕ್ಕೇ ಒಂಬತ್ತನೇ ದಿನ ಇನ್ನೊಮ್ಮೆ. ಜನ ಸೋಲುವುದು ಈ ಎರಡನೇ ಸಲವನ್ನು ಮರೆತು. ಸೀಮೆಎಣ್ಣೆ ಮಾತ್ರ ಬೇಡ. ಹೇನು ಹಾರುವುದಿಲ್ಲ, ತಲೆಗೆ ತಲೆ ತಾಗಿದಾಗ ಹತ್ತುತ್ತದೆ. ಕೂದಲು ಎತ್ತಿ ಕಟ್ಟಿಕೊಳ್ಳಿ.

ಪ್ರಶ್ನೆ: ಸಂಜೆಯ ಹೊತ್ತಿಗೆ ದನಿ ಕಟ್ಟುತ್ತದೆ.
— ಚಿಂತಾಮಣಿ

ಉತ್ತರ: ಗದ್ದಲದ ಮೇಲೆ ಕೂಗುವ ಬದಲು ಚಪ್ಪಾಳೆ, ಗಂಟೆ ಬಳಸಿ. ಪಿಸುಗುಟ್ಟಿದರೂ ಗಂಟಲಿಗೆ ವಿಶ್ರಾಂತಿ ಸಿಗುವುದಿಲ್ಲ. ಶೌಚಾಲಯ ಸರಿಯಿಲ್ಲವೆಂದು ನೀರು ಕುಡಿಯದೆ ಇರುವ ಟೀಚರುಗಳಿಗೆ ದನಿಯೂ ಕೆಡುತ್ತದೆ, ಉರಿಮೂತ್ರವೂ ಬರುತ್ತದೆ. ಶೌಚಾಲಯ ಸರಿಮಾಡಿಸಿ ಎಂದು ಲಿಖಿತವಾಗಿ ಕೇಳಿ. ಮೂರು ವಾರವಾದರೂ ದನಿ ಸರಿಹೋಗದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಕ್ಷಯ (ಟಿಬಿ) ಇದೆಯೇ ಎಂದು ತಿಳಿಯಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆಗೆ ಕೊಡಿ, ಅಲ್ಲಿ ಅದಕ್ಕೆ ದುಡ್ಡಿಲ್ಲ.