ಹತ್ತು ತಿಂಗಳು ಎಲ್ಲಿಯೂ ಇಳಿಯದ ಹಕ್ಕಿ

ಪ್ರಶ್ನೆ: ಯುರೋಪಿನ ಕಾಮನ್ ಸ್ವಿಫ್ಟ್ ಎಂಬ ಹಕ್ಕಿ ಗೂಡು ಬಿಟ್ಟು ಹೊರಟಿತೆಂದರೆ ತಿಂಗಳುಗಟ್ಟಲೆ ಎಲ್ಲಿಯೂ ಕೂರುವುದಿಲ್ಲವೆಂದು ಓದಿದೆ. ಇದು ನಿಜವೇ? ಆಕಾಶದಲ್ಲಿರುವ ಹಕ್ಕಿ ಇಳಿಯಲಿಲ್ಲ ಎಂಬುದನ್ನು ಯಾರಾದರೂ ಹೇಗೆ ಖಚಿತಪಡಿಸಿಕೊಳ್ಳುತ್ತಾರೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ. ವೇಲ್ಸ್‌ನ ಪಕ್ಷಿತಜ್ಞ ರೊನಾಲ್ಡ್ ಲಾಕ್ಲಿ ಇಂತಹ ಮಾತನ್ನು ಸುಮಾರು ಐದು ದಶಕಗಳ ಹಿಂದೆಯೇ ಆಡಿದ್ದರೂ ಆಗ ಅದಕ್ಕೆ ನೇರ ಪುರಾವೆ ಇರಲಿಲ್ಲ. ಪುರಾವೆ ಒದಗಿಸಿದವರು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಆಂಡರ್ಸ್ ಹೆಡೆನ್‌ಸ್ಟ್ರೋಮ್ ಮತ್ತು ಅವರ ಸಂಗಡಿಗರು. ಈ ಹಕ್ಕಿಯ ತೂಕ ಸುಮಾರು 40 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಗಿಂತಲೂ ಕಡಿಮೆ. ಹೀಗಾಗಿ ಅದರ ಬೆನ್ನಿಗೆ ಕಟ್ಟುವ ಉಪಕರಣ ಒಂದು ಗ್ರಾಂ ಆಸುಪಾಸಿನಲ್ಲೇ ಇರಬೇಕಿತ್ತು. ಅಷ್ಟು ಹಗುರವಾದ ದಾಖಲೆ ಯಂತ್ರದಲ್ಲಿ ಚಲನೆಯ ವೇಗ ಬದಲಾಗುವುದನ್ನು ಅಳೆಯುವ ಸಂವೇದಕವನ್ನು ಅಳವಡಿಸಿ, ಗೂಡಿನಲ್ಲಿ ಸಿಕ್ಕ ಹಕ್ಕಿಗಳಿಗೆ ಕಟ್ಟಿ ಬಿಟ್ಟರು. ಮುಂದಿನ ಬೇಸಿಗೆಯಲ್ಲಿ ಅದೇ ಗೂಡಿಗೆ ಮರಳಿದ ಹಕ್ಕಿಯನ್ನು ಹಿಡಿದು ಯಂತ್ರವನ್ನು ಬಿಚ್ಚಿಕೊಂಡರು. ಸ್ವಿಫ್ಟ್ ವರ್ಷ ವರ್ಷವೂ ತನ್ನ ಹಳೆಯ ಗೂಡಿಗೇ ಬರುವ ಹಕ್ಕಿಯಾದ್ದರಿಂದಲೇ ಈ ಪ್ರಯೋಗ ಸಾಧ್ಯವಾಯಿತು ಎನ್ನಬೇಕು.

ರೆಕ್ಕೆ ಬಡಿಯುವಾಗ, ರೆಕ್ಕೆ ಚಾಚಿ ತೇಲುವಾಗ, ಗೋಡೆಗೆ ಅಂಟಿಕೊಂಡು ಸುಮ್ಮನಿರುವಾಗ ಯಂತ್ರದಲ್ಲಿ ಮೂಡುವ ಗುರುತು ಬೇರೆ ಬೇರೆ. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಗೂಡು ಬಿಟ್ಟು ಆಫ್ರಿಕಕ್ಕೆ ಹೋಗಿ ಮರಳುವವರೆಗಿನ ಸುಮಾರು ಹತ್ತು ತಿಂಗಳಲ್ಲಿ ಕೆಲವು ಹಕ್ಕಿಗಳು ಒಮ್ಮೆಯೂ ಇಳಿದಿರಲಿಲ್ಲ. ಉಳಿದವು ಅಪರೂಪಕ್ಕೆ ಕೆಲವು ರಾತ್ರಿ ಎಲ್ಲೋ ತಂಗಿದ್ದರೂ ಶೇಕಡಾ 99ಕ್ಕಿಂತ ಹೆಚ್ಚು ಸಮಯ ಗಾಳಿಯಲ್ಲೇ ಇದ್ದವು. ನನಗೆ ಇದಕ್ಕಿಂತ ಕುತೂಹಲಕರವೆನಿಸಿದ್ದು ಇನ್ನೊಂದು ಸಂಗತಿ: ಒಮ್ಮೆಯೂ ಇಳಿಯದ ಹಕ್ಕಿಗಳು ರೆಕ್ಕೆಯ ಹಳೆಯ ಗರಿಗಳನ್ನು ಉದುರಿಸಿ ಹೊಸದನ್ನು ಬೆಳೆಸಿಕೊಂಡಿದ್ದವು, ಆಗಾಗ ತಂಗಿದವು ಹಾಗೆ ಮಾಡಿರಲಿಲ್ಲ. ಹಾರುತ್ತಲೇ ಹಾರುವ ಗರಿಗಳನ್ನು ಒಂದೊಂದಾಗಿ ಬದಲಿಸಿಕೊಳ್ಳುವ ಶಕ್ತಿ ಯಾವ ಹಕ್ಕಿಗಿದೆಯೋ ಅದಕ್ಕೆ ಇಳಿಯುವ ಅಗತ್ಯವೂ ಬರಲಿಲ್ಲ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು.

ಇದೇ ಬಗೆಯ ಅಳತೆ ಮೊದಲು ನಡೆದದ್ದು ಇದರ ದೊಡ್ಡ ನೆಂಟ ಆಲ್ಪೈನ್ ಸ್ವಿಫ್ಟ್ ಮೇಲೆ. ಸ್ವಿಟ್ಜರ್ಲೆಂಡಿನ ಸಂಶೋಧಕರು 2013ರಲ್ಲಿ ಅದು 200 ದಿನ ಇಳಿಯದೆ ಹಾರಿದ್ದನ್ನು ತೋರಿಸಿದ್ದರು. ಆ ಹಕ್ಕಿಯನ್ನು ನೋಡಲು ನೀವು ದೂರ ಹೋಗಬೇಕಿಲ್ಲ, ನಿಮ್ಮದೇ ಜಿಲ್ಲೆಯ ಜೋಗದ ಬಂಡೆಗಳಲ್ಲಿ ಅದು ಗೂಡು ಮಾಡುತ್ತದೆ.

ಪ್ರಶ್ನೆ: ಹಾಗಾದರೆ ಅದು ನಿದ್ರೆ ಮಾಡುವುದು ಯಾವಾಗ? ನಿದ್ರೆ ಹತ್ತಿದರೆ ಕೆಳಗೆ ಬೀಳುವುದಿಲ್ಲವೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸ್ವಿಫ್ಟ್ ರಾತ್ರಿಯನ್ನು ಆಕಾಶದಲ್ಲೇ ಕಳೆಯುತ್ತದೆ ಎಂಬುದು ಮೊದಲ ಮಹಾಯುದ್ಧದ ಕಾಲಕ್ಕೇ ವಿಮಾನ ಚಾಲಕರ ಕಣ್ಣಿಗೆ ಬಿದ್ದಿತ್ತು. ಎಂಜಿನ್ ನಿಲ್ಲಿಸಿ ಬೆಳದಿಂಗಳಿನಲ್ಲಿ ತೇಲುತ್ತ ಇಳಿಯುತ್ತಿದ್ದ ಫ್ರೆಂಚ್ ಚಾಲಕನೊಬ್ಬ, ಬಹಳ ಎತ್ತರದಲ್ಲಿ ಅಲುಗಾಡದಂತೆ ಕಾಣುತ್ತಿದ್ದ ಹಕ್ಕಿಗಳ ಗುಂಪಿನ ನಡುವೆ ಹಾದುಹೋದನಂತೆ. ಮುಂದೆ ರೇಡಾರ್ ಬಂದ ಮೇಲೆ ಈ ಎತ್ತರ ಲೆಕ್ಕಕ್ಕೆ ಸಿಕ್ಕಿತು: ಸಂಜೆಗತ್ತಲಿನಲ್ಲಿ ಸ್ವಿಫ್ಟ್‌ಗಳು ಸುಮಾರು ಎರಡೂವರೆ ಕಿಲೋಮೀಟರ್ ಎತ್ತರದವರೆಗೆ ಏರುತ್ತವೆ. ಮೇಲೇರಿ, ನಿಧಾನವಾಗಿ ತೇಲಿ ಇಳಿಯುತ್ತ ನಿದ್ರಿಸುತ್ತವೆ ಎಂಬ ವಿವರಣೆ ಇದರಿಂದ ಹುಟ್ಟಿಕೊಂಡಿತು, ಮತ್ತು ಇಂದಿಗೂ ಎಲ್ಲೆಡೆ ಕಾಣಸಿಗುತ್ತದೆ. ಆದರೆ ನೆದರ್ಲೆಂಡ್ಸ್‌ನಲ್ಲಿ ರೇಡಾರ್ ಹಿಡಿದು ಕುಳಿತವರು ಕಂಡಂತೆ, ಅವು ಅಷ್ಟೇ ಎತ್ತರಕ್ಕೆ ಬೆಳಗಿನ ಜಾವ ಇನ್ನೊಮ್ಮೆ ಏರುತ್ತವೆ. ನಿದ್ರೆಗೆಂದೇ ಏರುವುದಾದರೆ ಏಳುವ ಹೊತ್ತಿನಲ್ಲಿ ಮತ್ತೆ ಏರಬೇಕಾದ ಪ್ರಮೇಯವೇನು? ಎರಡು ಸಂಧ್ಯೆಗಳಲ್ಲೂ ಅಷ್ಟೆತ್ತರದಿಂದ ದಿಗಂತ, ನಕ್ಷತ್ರ, ಬೆಳಕಿನ ದಿಕ್ಕು ಮತ್ತು ದೂರದ ಮೋಡಗಳು ಚೆನ್ನಾಗಿ ಕಾಣುವುದರಿಂದ, ದಾರಿಯನ್ನೂ ಹವಾಮಾನವನ್ನೂ ಅಂದಾಜು ಮಾಡಲು ಅವು ಏರುತ್ತವೆ ಎಂಬ ವಾದ ನನಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಆದರೂ ಹಾರುತ್ತ ನಿದ್ರಿಸುವುದು ಹಕ್ಕಿಗಳಿಗೆ ಸಾಧ್ಯವಿದೆ. ಗಲಾಪಗೋಸ್ ದ್ವೀಪಗಳ ಫ್ರಿಗೇಟ್ ಎಂಬ ದೊಡ್ಡ ಕಡಲಹಕ್ಕಿಯ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ನೀಲ್ಸ್ ರಾಟನ್‌ಬೋರ್ಗ್ ಅವರ ತಂಡ ದಾಖಲಿಸಿದಾಗ, ಅದು ಕೆಲವೊಮ್ಮೆ ಮಿದುಳಿನ ಅರ್ಧ ಭಾಗವನ್ನಷ್ಟೇ, ಕೆಲವೊಮ್ಮೆ ಎರಡನ್ನೂ ಸೆಕೆಂಡುಗಳ ಲೆಕ್ಕದ ತುಣುಕು ನಿದ್ರೆಗೆ ಒಪ್ಪಿಸುತ್ತದೆಂದು ತಿಳಿದುಬಂತು. ಎಲ್ಲ ಸೇರಿ ದಿನಕ್ಕೆ ಸರಾಸರಿ 42 ನಿಮಿಷ. ಆಗಲೂ ರೆಕ್ಕೆ ಚಾಚಿಯೇ ಇರುವುದರಿಂದ ಅದು ಬೀಳುವುದಿಲ್ಲ. ಸ್ವಿಫ್ಟ್ ವಿಷಯದಲ್ಲಿ ನಾವು ಹೇಳುವುದೆಲ್ಲ ಈ ಫ್ರಿಗೇಟ್ ಹಕ್ಕಿಯನ್ನು ನೋಡಿ ಮಾಡಿದ ಊಹೆ. ಹತ್ತಾರು ಗ್ರಾಂ ತೂಕದ ಜೀವಿಗೆ ಅಂತಹ ಯಂತ್ರವನ್ನು ಹೊರಿಸುವುದು ಸುಲಭವಲ್ಲ.

ಪ್ರಶ್ನೆ: ನಾನಿರುವ ಊರಿನಲ್ಲಿ ಮೇ ತಿಂಗಳಿನಿಂದ ಸೂರಿನ ಸಂದಿಯಲ್ಲಿ ಸ್ವಿಫ್ಟ್‌ಗಳು ಕಿರುಚಾಡುತ್ತಿದ್ದವು. ಆಗಸ್ಟ್ ಮೊದಲ ವಾರದಲ್ಲಿ ಎಲ್ಲವೂ ಮಾಯವಾದವು. ಮರಿಗಳು ಅಷ್ಟು ಬೇಗ ಹಾರಲು ಕಲಿಯುತ್ತವೆಯೇ?
– ಓದುಗರೊಬ್ಬರು, ಇಂಗ್ಲೆಂಡ್

ಉತ್ತರ: ಕಲಿಯುವುದೇ ಇಲ್ಲ, ಕಲಿಸುವವರೂ ಇಲ್ಲ. ಆಕ್ಸ್‌ಫರ್ಡ್‌ನ ಪ್ರಕೃತಿ ವಿಜ್ಞಾನ ಸಂಗ್ರಹಾಲಯದ ಗೋಪುರದಲ್ಲಿ ಪೆಟ್ಟಿಗೆಗಳನ್ನಿಟ್ಟು, ಅವುಗಳ ಹಿಂಬದಿಯಿಂದ ಸ್ವಿಫ್ಟ್ ಸಂಸಾರವನ್ನು 1940ರ ದಶಕದ ಕೊನೆಯಿಂದ ಗಮನಿಸಿದ ಡೇವಿಡ್ ಲ್ಯಾಕ್ ಅವರಿಂದ ಗೂಡಿನೊಳಗಿನ ಬದುಕು ನಮಗೆ ಚೆನ್ನಾಗಿ ಗೊತ್ತಾಗಿದೆ. ಗಾಳಿಯಲ್ಲಿ ತೇಲಿಬರುವ ಗರಿ, ಹುಲ್ಲಿನೆಳೆಗಳನ್ನು ಹಾರುತ್ತಲೇ ಹಿಡಿದು, ಜೊಲ್ಲಿನಿಂದ ಅಂಟಿಸಿ ಮಾಡಿದ ಸಣ್ಣ ತಟ್ಟೆಯೇ ಗೂಡು. ಎರಡು ಅಥವಾ ಮೂರು ಮೊಟ್ಟೆ. ತಂದೆತಾಯಿ ಗಾಳಿಯಲ್ಲಿ ಹಿಡಿದ ಸಸ್ಯಹೇನು, ನೊಣ, ಎಳೆಯ ಮೇಲೆ ತೇಲುವ ಜೇಡ ಇವನ್ನೆಲ್ಲ ನುಂಗದೆ ಗಂಟಲಿನಲ್ಲಿ ಉಂಡೆ ಕಟ್ಟಿಕೊಂಡು ಬರುತ್ತವೆ. ಒಂದೊಂದು ಉಂಡೆಯಲ್ಲಿ ನೂರಾರು ಕೀಟಗಳಿರುತ್ತವೆ.

ಮಳೆ ಹಿಡಿದರೆ ಗಾಳಿಯಲ್ಲಿ ಕೀಟವಿಲ್ಲ. ಆಗ ದೊಡ್ಡ ಹಕ್ಕಿಗಳು ಮಳೆಯನ್ನು ತಪ್ಪಿಸಿ ಸುತ್ತುಹಾಕಿಕೊಂಡು ಬಹುದೂರ ಹೋಗಿಬಿಡುತ್ತವೆ, ಮರಿಗಳು ಮೈಬಿಸಿ ಇಳಿಸಿಕೊಂಡು ಒಂದು ಬಗೆಯ ಜಡಸ್ಥಿತಿಗೆ ಜಾರಿ, ಕೆಲವು ದಿನ ಉಪವಾಸವಿದ್ದೂ ಬದುಕುತ್ತವೆ. ಬೇರೆ ಹಕ್ಕಿಗಳ ಮರಿಗಳಾದರೆ ಸತ್ತೇ ಹೋಗುತ್ತಿದ್ದವು. ಹೀಗಾಗಿಯೇ ಮರಿ ಗೂಡಿನಲ್ಲಿರುವ ಅವಧಿ ಹವೆಯನ್ನು ನೋಡಿಕೊಂಡು ಐದು ವಾರದಿಂದ ಎಂಟು ವಾರದವರೆಗೆ ಹಿಗ್ಗುತ್ತದೆ. ಕೊನೆಯ ದಿನಗಳಲ್ಲಿ ಮರಿ ಎರಡೂ ರೆಕ್ಕೆಯ ತುದಿಗಳನ್ನು ಗೂಡಿನ ನೆಲಕ್ಕೆ ಒತ್ತಿ, ಎದೆಯನ್ನು ಮೇಲೆತ್ತಿ ಹಿಡಿಯುತ್ತದೆ. ವ್ಯಾಯಾಮಶಾಲೆಯ ದಂಡವನ್ನು ಹೋಲುವ ಈ ಕಸರತ್ತು ಮೈಭಾರ ರೆಕ್ಕೆಗೆ ಸರಿಹೊಂದಿತೇ ಎಂದು ತೂಗಿ ನೋಡುವ ಕ್ರಮವಿರಬೇಕೆಂದು ತಜ್ಞರು ಭಾವಿಸುತ್ತಾರೆ, ಏಕೆಂದರೆ ಅದು ಒಮ್ಮೆ ದೊಡ್ಡ ಹಕ್ಕಿಗಿಂತಲೂ ಭಾರವಾಗಿ ಬೆಳೆದು, ಹೊರಡುವ ಮುನ್ನ ತೂಕ ಇಳಿಸಿಕೊಳ್ಳುತ್ತದೆ. ಆಮೇಲೆ ಒಂದು ದಿನ ಸಂದಿಯಿಂದ ಹೊರಗೆ ಜಾರುತ್ತದೆ, ಅಷ್ಟೆ. ಗೂಡಿಗೆ ಮರಳುವುದಿಲ್ಲ. ಮೂರ್ನಾಲ್ಕು ವರ್ಷದ ಪ್ರಾಯಕ್ಕೆ ಬಂದು ಗೂಡು ಮಾಡುವ ಈ ಹಕ್ಕಿಯ ಮೊದಲ ಹಾರಾಟ ಎರಡು ವರ್ಷ ಮೀರಿ ನಡೆಯಬಹುದೆಂಬ ಮಾತಿದೆ. ಹತ್ತು ತಿಂಗಳಿನ ಲೆಕ್ಕದಷ್ಟು ಗಟ್ಟಿ ಆಧಾರ ಮಾತ್ರ ಇದಕ್ಕಿಲ್ಲ.

ನಿಮ್ಮಲ್ಲಿ ಹಳೆಯ ಮನೆಗಳ ಸೂರನ್ನು ದುರಸ್ತಿ ಮಾಡುವಾಗ ಸಂದಿಗಳನ್ನು ಮುಚ್ಚಿಬಿಡುವುದು ಈ ಹಕ್ಕಿಗೆ ದೊಡ್ಡ ಪೆಟ್ಟು. 2021ರಲ್ಲಿ ಬ್ರಿಟನ್ ಇದನ್ನು ಅಪಾಯದ ಕೆಂಪು ಪಟ್ಟಿಗೆ ಸೇರಿಸಿದೆ. ಗೋಡೆಯಲ್ಲಿ ಕೂರಿಸುವ ಟೊಳ್ಳು ಇಟ್ಟಿಗೆಗಳು ಅಲ್ಲಿ ದೊರೆಯುತ್ತವೆ. ಮನೆ ರಿಪೇರಿ ಮಾಡಿಸುವುದಿದ್ದರೆ ವಿಚಾರಿಸಿ.

ಪ್ರಶ್ನೆ: ನಮ್ಮೂರ ದೇವಸ್ಥಾನದ ಗೋಪುರದಲ್ಲಿ ಗುಂಪಾಗಿ ಹಾರುವ ಕಪ್ಪು ಹಕ್ಕಿ ಇದೇನೇ? ಗಾಳಿಮಳೆಯ ಮರುದಿನ ಒಂದು ಅಂಗಳದಲ್ಲಿ ಬಿದ್ದಿತ್ತು, ಮೇಲೇಳಲಾರದೆ ಒದ್ದಾಡುತ್ತಿತ್ತು. ಏನು ಮಾಡಬೇಕು?
– ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಸೊಂಟದ ಮೇಲೆ ಬಿಳಿ ಪಟ್ಟಿಯಿದ್ದರೆ ಅದು ಹೌಸ್ ಸ್ವಿಫ್ಟ್, ಅಂದರೆ ಮನೆ ಬಾನಾಡಿ. ಕಾಮನ್ ಸ್ವಿಫ್ಟ್ ಭಾರತದಲ್ಲಿ ಗೂಡು ಮಾಡುವುದು ವಾಯವ್ಯ ಹಿಮಾಲಯದಲ್ಲಿ. ನಿಮ್ಮೂರಿನದು ರಾತ್ರಿ ತನ್ನ ಗೂಡಿಗೇ ಮರಳಿ ಮಲಗುವ ಹಕ್ಕಿ, ಹಗಲಿಡೀ ಹಾರಿದರೂ ತಿಂಗಳುಗಟ್ಟಲೆಯ ಸಾಹಸ ಅದಕ್ಕಿಲ್ಲ. ಆದರೆ ಕಾಲು ಅದೇ ಬಗೆಯದು: ತೀರ ಗಿಡ್ಡ, ಉಗುರು ಕೊಕ್ಕೆಯಂತೆ ಚೂಪು, ಗೋಡೆಗೆ ಜೋತುಬೀಳಲು ಮಾತ್ರ ಅನುಕೂಲ. ಆದ್ದರಿಂದ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕುಳಿತ ಹಕ್ಕಿ ಎಂದಿಗೂ ಸ್ವಿಫ್ಟ್ ಅಲ್ಲ. ಅದು ಸ್ವಾಲೋ, ನೋಡಲು ಒಂದೇ ಥರವಿದ್ದರೂ ಬೇರೆಯೇ ಕುಲದ್ದು. ಸ್ವಿಫ್ಟ್‌ನ ಹತ್ತಿರದ ಬಂಧುಗಳು ಅಮೆರಿಕ ಖಂಡಗಳ ಹಮ್ಮಿಂಗ್‌ಬರ್ಡ್‌ಗಳು.

ನೆಲಕ್ಕೆ ಬಿದ್ದ ಸ್ವಿಫ್ಟ್ ಏಳಲಾರದು ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಬಯಲಿನಲ್ಲಿ ಆರೋಗ್ಯವಂತ ಹಕ್ಕಿ ಕಷ್ಟಪಟ್ಟಾದರೂ ಎದ್ದೀತು. ಏಳದಿದ್ದರೆ ಒದ್ದೆಯಾಗಿದೆ, ದಣಿದಿದೆ ಅಥವಾ ಪೆಟ್ಟಾಗಿದೆ ಎಂದೇ ತಿಳಿಯಬೇಕು. ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ ಬೆಚ್ಚಗಿಡಿ. ಅನ್ನ, ಹಾಲು ಕೊಡಬೇಡಿ, ಬಾಯಿಗೆ ನೀರು ಹಿಂಡಬೇಡಿ. ಮೈ ಒಣಗಿ ಚುರುಕಾದ ಮೇಲೆ ಬಯಲಿಗೆ ಒಯ್ದು, ಅಂಗೈ ಮೇಲಿಟ್ಟು ತಲೆಯೆತ್ತರಕ್ಕೆ ಹಿಡಿಯಿರಿ. ಮೇಲಕ್ಕೆ ಎಸೆಯುವುದು ಮಾತ್ರ ಬೇಡ. ಹಾರಲು ಸಿದ್ಧವಿದ್ದರೆ ಸ್ವಲ್ಪ ಹೊತ್ತು ನಡುಗಿ ತಾನೇ ಹೊರಡುತ್ತದೆ, ಇಲ್ಲವಾದರೆ ಪಶುವೈದ್ಯರಿಗೆ ತೋರಿಸಿ.