ಓದುಗರ ಪ್ರಶ್ನೆ: ತಡಿಯಂಡಮೋಳ್ ಹತ್ತಿದವರಿಗೆ ಮರುಭೂಮಿಯ ಬೆಟ್ಟ ಕಷ್ಟವೇ?

ಪ್ರಶ್ನೆ: ನನಗೀಗ ಐವತ್ತು ದಾಟಿದೆ. ಕೊಡಗಿನ ತಡಿಯಂಡಮೋಳ್, ಬ್ರಹ್ಮಗಿರಿ ಬೆಟ್ಟಗಳನ್ನು ಹತ್ತಿದ್ದೇನೆ. ಹೆಗ್ಗಡೆಮನೆಯ ಕಡೆಯಿಂದ ಪುಷ್ಪಗಿರಿಗೂ ಹೋಗಿಬಂದಿದ್ದೇನೆ. ಅಮೆರಿಕದ ಫೀನಿಕ್ಸ್‌ನಲ್ಲಿರುವ ಮಗಳು ಮತ್ತು ಅಳಿಯ ಅಲ್ಲಿನ ಪಿಕಾಚೊ ಪೀಕ್ ಎಂಬ ಬೆಟ್ಟಕ್ಕೆ ಕರೆದೊಯ್ಯುತ್ತೇವೆ ಎನ್ನುತ್ತಿದ್ದಾರೆ. ಬಂಡೆಗೆ ಕಟ್ಟಿದ ಉಕ್ಕಿನ ಹಗ್ಗ ಹಿಡಿದು ಹತ್ತಬೇಕಂತೆ. ಕಾಫಿ, ಕಾಳುಮೆಣಸಿನ ಕೊಯ್ಲು ಮುಗಿಸಿ ಮೇ ತಿಂಗಳ ಕೊನೆಯಲ್ಲಿ ಹೊರಡುವ ಯೋಚನೆಯಿದೆ. ಒಂದೇ ದಿನದಲ್ಲಿ ಹತ್ತಿ ಇಳಿಯಲು ಸಾಧ್ಯವೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಒಂದು ದಿನವಲ್ಲ, ಅರ್ಧ ದಿನ ಸಾಕು, ಆದರೆ ಮೇ ತಿಂಗಳ ಕೊನೆಯಲ್ಲಿ ದಯವಿಟ್ಟು ಬೇಡ. ಫೀನಿಕ್ಸ್‌ನಿಂದ ಟೂಸಾನ್‌ಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಎದ್ದು ನಿಂತಿರುವ ಈ ಬೆಟ್ಟದ ಎತ್ತರ 3,374 ಅಡಿ (ಸುಮಾರು 1,028 ಮೀಟರ್), ಎಂದರೆ ಅದರ ತುದಿಯು ನಮ್ಮ ಮಡಿಕೇರಿ ಪಟ್ಟಣಕ್ಕಿಂತಲೂ ತಗ್ಗಿನಲ್ಲಿದೆ. ತುದಿಗೆ ಹೋಗುವ ಹಂಟರ್ ಟ್ರೇಲ್ ಎಂಬ ಹಾದಿ ಒಂದು ಕಡೆಗೆ ಸುಮಾರು ಎರಡು ಮೈಲಿ ಮಾತ್ರ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತಿದ ಕಾಲುಗಳಿಗೆ ಇದೇನು ಮಹಾ ಎನಿಸುವುದು ಸಹಜವೇ, ಮತ್ತು ಮಲೆನಾಡಿನಿಂದ ಹೋದವರು ಅಲ್ಲಿ ಸಿಕ್ಕಿಬೀಳುವುದೂ ಈ ಲೆಕ್ಕಾಚಾರದಿಂದಲೇ. ಅಲ್ಲಿ ಎಷ್ಟು ದೂರ ಹೋಗಬಹುದೆಂಬುದನ್ನು ಕಾಲಿನ ಕಸುವಿಗಿಂತ ಹೆಚ್ಚಾಗಿ ಬೆನ್ನಿನ ಮೇಲಿರುವ ನೀರು ಮತ್ತು ಕೈಯಲ್ಲಿರುವ ಗಡಿಯಾರ ನಿರ್ಧರಿಸುತ್ತವೆ.

ಭಾಗಮಂಡಲದಲ್ಲಿ ಮಳೆಗಾಲದ ಕಕ್ಕಡ ತಿಂಗಳ ಒಂದು ಜೋರು ವಾರದಲ್ಲಿ ಸುರಿಯುವಷ್ಟು ಮಳೆ ಫೀನಿಕ್ಸ್‌ನಲ್ಲಿ ಇಡೀ ವರ್ಷಕ್ಕೂ ಬೀಳುವುದಿಲ್ಲ. ಹಾದಿಯಲ್ಲಿ ತೊರೆಯಿಲ್ಲ, ಸಗ್ವಾರೊ ಎಂಬ ಕಂಬದಂತಹ ಕಳ್ಳಿಯ ನೆರಳು ಒಬ್ಬ ಮನುಷ್ಯನಿಗೂ ಸಾಲದು. ಅದಕ್ಕಿಂತ ಮೋಸದ್ದು ಒಣಗಾಳಿ. ನಮ್ಮಲ್ಲಿ ಏರು ಹತ್ತುವಾಗ ಅಂಗಿ ತೊಯ್ದು ಬೆನ್ನಿಗೆ ಅಂಟಿಕೊಂಡಾಗಲೇ ಬೆವರು ಹೋಗುತ್ತಿರುವುದು ಗೊತ್ತಾಗುತ್ತದೆ. ಅಲ್ಲಿ ಬೆವರು ಬಂದ ಕ್ಷಣದಲ್ಲೇ ಆರಿಹೋಗುವುದರಿಂದ ಅಂಗಿ ಒಣಗಿಯೇ ಇರುತ್ತದೆ, ಕೊನೆಗೆ ಬಗಲಲ್ಲಿ ಮತ್ತು ಟೋಪಿಯ ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ ಮೂಡಿದಾಗಲೇ ದೇಹ ಎಷ್ಟು ನೀರು ಕಳೆದುಕೊಂಡಿದೆ ಎಂಬುದು ಅರಿವಿಗೆ ಬರುತ್ತದೆ. ತಂಪಿನ ತಿಂಗಳಲ್ಲೂ ತಲೆಗೆ ಮೂರು ಲೀಟರ್ ನೀರು ಇರಲಿ, ಜೊತೆಗೆ ಉಪ್ಪಿನಂಶವಿರುವ ತಿಂಡಿ ಅಥವಾ ಓಆರ್‌ಎಸ್ ಪೊಟ್ಟಣ ಇರಲಿ. ಏಕೆಂದರೆ ಉಪ್ಪಿಲ್ಲದೆ ಬರೀ ನೀರನ್ನೇ ವಿಪರೀತವಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಬೇರೆಯೇ ತೊಂದರೆಯಾಗುತ್ತದೆ. ತಂದ ನೀರಿನಲ್ಲಿ ಅರ್ಧ ಮುಗಿದ ಕೂಡಲೇ, ತುದಿ ಕಣ್ಣೆದುರಿಗಿದ್ದರೂ, ಹಿಂದಿರುಗಬೇಕು. ಇದನ್ನು ಅಳಿಯಂದಿರೊಡನೆ ಮನೆಯಲ್ಲೇ ಮಾತಾಡಿಕೊಂಡು ಹೊರಡುವುದು ಒಳ್ಳೆಯದು, ಬೆಟ್ಟದ ಮೇಲೆ ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಹಠವೇ ಗೆಲ್ಲುತ್ತದೆ.

ಇನ್ನು ಬಂಡೆಯ ವಿಚಾರ. ಹಾದಿಯು ಮೊದಲು ಸುತ್ತು ಸುತ್ತಾಗಿ ಏರಿ ಎರಡು ಶಿಖರಗಳ ನಡುವಿನ ಕಣಿವೆದಾರಿಯನ್ನು ತಲುಪುತ್ತದೆ, ಅಲ್ಲಿಂದ ಬೆಟ್ಟದ ಆಚೆ ಬದಿಗೆ ಉಕ್ಕಿನ ಹಗ್ಗ ಹಿಡಿದು ಕಡಿದಾಗಿ ಇಳಿಯುತ್ತದೆ, ಆಮೇಲೆ ಮತ್ತೆ ಹಗ್ಗಗಳ ಆಸರೆಯಲ್ಲಿ ಬಂಡೆಯ ಮೇಲೆ ತುದಿಗೆ ಏರುತ್ತದೆ. ಹೀಗಾಗಿ ಮರಳುವಾಗ ಬರೀ ಇಳಿಜಾರು ಎಂದುಕೊಂಡವರಿಗೆ ಬಿಸಿಲೇರಿದ ಹೊತ್ತಿನಲ್ಲಿ ಅದೇ ಕಡಿದಾದ ಜಾಗವನ್ನು ಹತ್ತುವ ಕೆಲಸ ಕಾದಿರುತ್ತದೆ. ಪುಷ್ಪಗಿರಿಯ ತುದಿಗೆ ಮುನ್ನ ಸಿಗುವ ಬಂಡೆಯನ್ನು ನೀವು ಕಂಡಿದ್ದೀರಿ. ಅಲ್ಲಿ ಜಾರುವುದು ಪಾಚಿ ಮತ್ತು ನೀರಿನಿಂದ. ಇಲ್ಲಿ ಗಟ್ಟಿ ಬಂಡೆಯ ಮೇಲೆ ಬೂಟು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಅದರ ಮೇಲೆ ಹರಡಿದ ಸಣ್ಣ ಹರಳುಕಲ್ಲು ಕಾಲಡಿಯಲ್ಲಿ ರಾಗಿಯಂತೆ ಉರುಳುತ್ತದೆ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಬಂಡೆಯ ಮೇಲಿದ್ದು ಒಂದು ಮಾತ್ರ ಚಲಿಸಬೇಕು. ಭಾರವನ್ನು ಕಾಲಿನ ಮೇಲೆಯೇ ಬಿಟ್ಟು, ಹಗ್ಗವನ್ನು ಸಮತೋಲಕ್ಕೆ ಮಾತ್ರ ಹಿಡಿಯಬೇಕು. ಕಡಿದಾದಲ್ಲಿ ಬಂಡೆಗೆ ಮುಖಮಾಡಿ ಇಳಿಯಬೇಕು. ಮುಂದಿನವರು ಹಗ್ಗ ಬಿಟ್ಟ ಮೇಲೆಯೇ ಹಿಂದಿನವರು ಹಿಡಿಯುವುದು ಕ್ಷೇಮ. ಬಿಸಿಲಿನಲ್ಲಿ ಕಾದ ಉಕ್ಕು ಅಂಗೈಯನ್ನು ಸುಡುವುದರಿಂದ ಚರ್ಮದ ಕೈಗವಸು ಕಡ್ಡಾಯವೆಂದೇ ತಿಳಿಯಿರಿ.

ಹೋಗಲು ಒಳ್ಳೆಯ ಕಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ತೋಟವಿರುವವರಿಗೆ ಇದು ಇಕ್ಕಟ್ಟಿನ ಮಾತು ಎಂಬುದು ಗೊತ್ತು, ಏಕೆಂದರೆ ಅವೇ ತಿಂಗಳುಗಳಲ್ಲಿ ಇಲ್ಲಿ ಕಾಫಿ ಹಣ್ಣು ಗಿಡದಲ್ಲಿರುತ್ತದೆ, ಕೆಲಸದವರನ್ನು ಹಿಡಿದಿಡುವುದೇ ದೊಡ್ಡ ಕೆಲಸವಾಗಿರುತ್ತದೆ. ಪುತ್ತರಿ ಸುಗ್ಗಿಹಬ್ಬಕ್ಕೆ ಮುಂಚಿನ ನವೆಂಬರ್ ದಿನಗಳನ್ನೋ ಮಾರ್ಚ್ ಮೊದಲ ವಾರಗಳನ್ನೋ ಹೊಂದಿಸಿಕೊಳ್ಳಲು ಸಾಧ್ಯವೇ ನೋಡಿ. ಚಳಿಗಾಲದ ಮಳೆ ಚೆನ್ನಾಗಿ ಆದ ವರ್ಷ ಮಾರ್ಚ್‌ನಲ್ಲಿ ಆ ಬೆಟ್ಟದ ಬುಡವೆಲ್ಲ ಕಿತ್ತಳೆ ಬಣ್ಣದ ಗಸಗಸೆ ಜಾತಿಯ ಹೂಗಳಿಂದ ತುಂಬುತ್ತದೆ. ಬೇಸಿಗೆ ಹೇಗಿರುತ್ತದೆ ಎಂಬುದಕ್ಕೆ ಒಂದೇ ನಿದರ್ಶನ: 2023ರಲ್ಲಿ ಫೀನಿಕ್ಸ್‌ನ ಉಷ್ಣಾಂಶ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಯಾವ ತಿಂಗಳಾದರೂ ಬೆಳಕು ಹರಿಯುತ್ತಲೇ ನಡಿಗೆ ಆರಂಭಿಸಿ. ಜೊತೆಯಲ್ಲಿರುವವರ ಮಾತು ತೊದಲಿದರೆ, ದಿಕ್ಕುತಪ್ಪಿದಂತೆ ವರ್ತಿಸಿದರೆ, ಅದನ್ನು ಬರೀ ದಣಿವೆಂದು ಬಿಡದೆ ನೆರಳಿಗೆ ಒಯ್ದು, ಮೈಮೇಲೆ ನೀರು ಹಾಕಿ ಗಾಳಿ ಬೀಸಿ, 911ಕ್ಕೆ ಕರೆ ಮಾಡಬೇಕು.

ಪ್ರಶ್ನೆ: ಮರುಭೂಮಿಯಲ್ಲಿ ಇಂಬಳದ (ಜಿಗಣೆಯ) ಕಾಟವಂತೂ ಇರಲಾರದು. ಹಾವಿನ ಭಯವಿದೆಯೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಇಂಬಳವಿಲ್ಲ, ಅದಕ್ಕೆಂದು ಒಯ್ಯುವ ಸುಣ್ಣ-ಹೊಗೆಸೊಪ್ಪನ್ನು ಮನೆಯಲ್ಲೇ ಬಿಡಬಹುದು. ಬಾಲದಲ್ಲಿ ಗಿಲಕಿಯಂತೆ ಸದ್ದು ಮಾಡುವ ರ‍್ಯಾಟಲ್ ಹಾವುಗಳಿವೆ. ಬೆಚ್ಚಗಿನ ತಿಂಗಳಲ್ಲಿ ಅವುಗಳ ಓಡಾಟ ಹೆಚ್ಚು. ಕಣ್ಣಿಗೆ ಕಾಣದ ಬಂಡೆಯಂಚಿಗೆ ಕೈಹಾಕಬಾರದೆಂಬ ಒಂದು ನಿಯಮ ಪಾಲಿಸಿದರೆ ಬಹುಪಾಲು ಅಪಾಯ ತಪ್ಪುತ್ತದೆ. ದಿನನಿತ್ಯ ಕಾಡುವುದು ಹಾವಲ್ಲ, ಚೋಯಾ ಎಂಬ ಕಳ್ಳಿ. ಸ್ವಲ್ಪ ತಾಗಿದರೂ ಅದರ ತುಂಡು ಕಳಚಿಕೊಂಡು ಬಟ್ಟೆಗೋ ಚರ್ಮಕ್ಕೋ ಕಚ್ಚಿಕೊಳ್ಳುತ್ತದೆ. ಮುಳ್ಳಿನಲ್ಲಿ ಹಿಮ್ಮುಖದ ಕೊಕ್ಕೆಗಳಿರುವುದರಿಂದ ಬೆರಳಿನಿಂದ ಕೀಳಲು ಹೋದರೆ ಬೆರಳಿಗೂ ಹತ್ತುತ್ತದೆ. ಜೇಬಿನಲ್ಲಿ ಒಂದು ಬಾಚಣಿಗೆ ಇಟ್ಟುಕೊಂಡು, ಅದರ ಹಲ್ಲುಗಳನ್ನು ತುಂಡಿಗೂ ಚರ್ಮಕ್ಕೂ ನಡುವೆ ತೂರಿಸಿ ಒಮ್ಮೆಲೇ ಎತ್ತಿ ಎಸೆಯಬೇಕು. ಆಗ ಎದುರಿಗೆ ಯಾರೂ ನಿಂತಿರದಂತೆ ನೋಡಿಕೊಳ್ಳಿ.

ಪ್ರಶ್ನೆ: ಇಂತಹ ಒಣಬಂಡೆಯ ಅಭ್ಯಾಸಕ್ಕೆ ಕೊಡಗಿನಲ್ಲಿ ಜಾಗವಿದೆಯೇ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ನಮ್ಮ ಬೆಟ್ಟಗಳಲ್ಲಿ ಹುಲ್ಲು ಮತ್ತು ಮಣ್ಣಿನ ಹಾದಿಯೇ ಹೆಚ್ಚು, ಬಂಡೆಯಿದ್ದಲ್ಲಿ ತೇವವೂ ಇರುತ್ತದೆ, ಆದ್ದರಿಂದ ಒಣಬಂಡೆಗೆ ಹಂಪಿಯ ಮಾತಂಗ ಪರ್ವತವೋ ಚಿತ್ರದುರ್ಗದ ಕೋಟೆಯೋ ವಾಸಿ. ಜನವರಿಯ ಬೆಳಗಿನ ಹೊತ್ತು ಮಾತಂಗ ಹತ್ತಿ, ಇಳಿಯುವಾಗ ಕೈಯೂರಬೇಕಾದ ಕಡೆಗಳಲ್ಲಿ ಬಂಡೆಗೆ ಮುಖಮಾಡಿ ಇಳಿಯುವುದನ್ನು ರೂಢಿಸಿಕೊಳ್ಳಿ. ಮೂರು ಲೀಟರ್ ನೀರಿನ ಚೀಲವನ್ನೂ ಹೊತ್ತುಕೊಂಡೇ ಹೋಗಿ, ಏಕೆಂದರೆ ಬೆನ್ನಿನ ಭಾರ ಇಳಿಜಾರಿನಲ್ಲಿ ಮೈಯನ್ನು ಯಾವ ಕಡೆಗೆ ಎಳೆಯುತ್ತದೆ ಎಂಬುದು ಖಾಲಿ ಬೆನ್ನಿನಲ್ಲಿ ತಿಳಿಯುವುದಿಲ್ಲ.